ಮಳೆ ರಜೆಯ ದಿನ ನಡೆದ ಏಳು ಪಾಠಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಕಟಪಾಡಿಯ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಇಪ್ಪತ್ತೆರಡು ವರ್ಷಗಳಿಂದ ಉಡುಪಿಯ ಒಂದು ಬಿ.ಎಡ್. ಕಾಲೇಜಿನಲ್ಲಿ, ಕನ್ನಡ ಮೇಷ್ಟ್ರಾಗಲು ಬಂದವರಿಗೆ ಪಾಠ ಮಾಡುವುದು ಹೇಗೆಂದು ಕಲಿಸುತ್ತಿದ್ದೇನೆ. ಈ ಕೆಲಸದಲ್ಲಿ ಸಿಟ್ಟೇ ಬಾರದವರು ಕೆಲಸ ಮಾಡುತ್ತಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಕಳೆದ ಮಳೆಗಾಲದಲ್ಲಿ ಬಂದ ಸಿಟ್ಟು ಬೇರೆ ತರಹದ್ದು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಆ ಗುರುವಾರ ಶಾಲೆಗಳಿಗೆಲ್ಲ ಮಳೆ ರಜೆ ಕೊಟ್ಟಿದ್ದರು. ನಮ್ಮಂಥ ಕಾಲೇಜುಗಳಿಗೆ ಆ ಭಾಗ್ಯವಿಲ್ಲ; ದೊಡ್ಡವರು ನೆನೆದರೆ ಕರಗುವುದಿಲ್ಲ ಎಂದು ಲೆಕ್ಕ ಹಾಕಿರಬೇಕು. ಹಾಗಾಗಿ ನಾನು ಮಣಿಪಾಲದ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಶಿಕ್ಷಕರ ತರಬೇತಿಯಲ್ಲಿ ಎಐ ಚಾಟ್‌ಬಾಟ್ ಬಳಸುವುದು ಹೇಗೆ ಎಂಬುದು ವಿಷಯ. ತಜ್ಞರೊಬ್ಬರು ಒಂದು ಸಾಲು ಟೈಪ್ ಮಾಡಿದರು. ಅರ್ಧ ನಿಮಿಷದಲ್ಲಿ ಏಳನೇ ತರಗತಿಯ ಪಾಠ ಯೋಜನೆ ಪರದೆಯ ಮೇಲೆ ಇಳಿಯಿತು. ಶಿಕ್ಷಕಿ ಕೇಳುವ ಪ್ರಶ್ನೆ ಒಂದು ಕಡೆ, ಮಕ್ಕಳು ಕೊಡುವ ಉತ್ತರ ಇನ್ನೊಂದು ಕಡೆ. ಸಭೆಯಲ್ಲಿ ಚಪ್ಪಾಳೆ. ನನ್ನ ಪಿತ್ತ ನೆತ್ತಿಗೇರಿತು.

ಎದ್ದು ನಿಂತು ಕೇಳಿದೆ, "ಮಕ್ಕಳ ಉತ್ತರವನ್ನೂ ಇದೇ ಬರೆದಿದೆಯಲ್ಲ, ಯಾವ ಮಕ್ಕಳನ್ನು ಕೇಳಿ ಬಂತು ಇದು?"

ಜನ ನಕ್ಕರು. ತಜ್ಞರೂ ನಕ್ಕು, ಇದು ಬರೀ ಡ್ರಾಫ್ಟ್ ಮೇಡಂ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ಶನಿವಾರ ಕಾಪುವಿನ ಶಾಲೆಗೆ ಹೋದೆ. ನಮ್ಮ ಕಾಲೇಜಿನ ಎಂಟು ಮಂದಿ ವಿದ್ಯಾರ್ಥಿಗಳು ಅಲ್ಲಿ ಅಭ್ಯಾಸ ಪಾಠ ಮಾಡುತ್ತಿದ್ದರು. ಪ್ರತಿ ಪಾಠಕ್ಕೂ ರೆಕಾರ್ಡ್ ಪುಸ್ತಕದಲ್ಲಿ ಎರಡು ಬರಹ ಬೇಕು: ಪಾಠಕ್ಕೆ ಮೊದಲು ಯೋಜನೆ, ಪಾಠ ಮುಗಿದ ಮೇಲೆ 'ಪಾಠದ ನಂತರದ ಅನಿಸಿಕೆ' ಎಂಬ ಒಂದು ಪುಟ. ತರಗತಿಯಲ್ಲಿ ಎಂತ ಆಯಿತು, ಯಾವುದು ಕೈಕೊಟ್ಟಿತು, ಯಾವ ಮಗುವಿಗೆ ತಲುಪಲಿಲ್ಲ ಎಂದು ಬರೆಯಲಿಕ್ಕಿರುವ ಪುಟ ಅದು. ಶಿಕ್ಷಕರನ್ನು ತಯಾರು ಮಾಡುವ ಇಡೀ ವ್ಯವಸ್ಥೆಯಲ್ಲಿ ನನಗೆ ನಂಬಿಕೆ ಇರುವುದು ಆ ಒಂದು ಪುಟದ ಮೇಲೆ ಮಾತ್ರ ಎಂದು ನಾನೇ ಭಾಷಣ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಕೂತು ಆ ವಾರದ್ದಕ್ಕೆಲ್ಲ ಸರಸರನೆ ಸಹಿ ಹಾಕಿದೆ. ಗುರುವಾರದ ಪುಟಗಳು ವಿಶೇಷವಾಗಿ ಚೆನ್ನಾಗಿದ್ದವು. ಮಕ್ಕಳ ಕಣ್ಣಲ್ಲಿ ಕುತೂಹಲ ಮೂಡಿತು, ಹಿಂಜರಿಯುತ್ತಿದ್ದ ವಿದ್ಯಾರ್ಥಿಯೊಬ್ಬ ಕೊನೆಗೆ ಧೈರ್ಯದಿಂದ ಕೈ ಎತ್ತಿದ ಎಂದೆಲ್ಲ ಇತ್ತು. ಒಂದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ತುಂಬಾ ಚೆನ್ನಾಗಿದೆ' ಎಂದೂ ಬರೆದೆ.

ಎಂಟನೆಯ ಪುಸ್ತಕದಲ್ಲಿ ಗುರುವಾರದ ಪುಟ ಖಾಲಿ. ಅದು ಹೆಜಮಾಡಿಯಿಂದ ಬರುವ ಹೆಂಗಸಿನದು. ಮೀನುಗಾರರ ಮನೆಯವಳು, ಮದುವೆಯಾಗಿ ಮಗುವಾದ ಮೇಲೆ ಓದಲು ಬಂದವಳು. ಮಗುವಿಗೆ ಜ್ವರವೆಂದು ಆಗಲೇ ಒಂದು ವಾರ ತಪ್ಪಿಸಿಕೊಂಡಿದ್ದಳು. ಇನ್ನೆಲ್ಲಾದರೂ ಒಮ್ಮೆ ಅಂಕ ಕಡಿಮೆಯಾದರೆ ಅಭ್ಯಾಸ ಪಾಠವನ್ನೆಲ್ಲ ಮುಂದಿನ ವರ್ಷ ಮೊದಲಿನಿಂದ ಮಾಡಬೇಕಿತ್ತು. ಇನ್ನೊಂದು ವರ್ಷ ಎಂದರೆ ಮನೆಯಲ್ಲಿ ಕಳಿಸುವುದಿಲ್ಲ ಮೇಡಂ ಎಂದು ಅವಳು ಮೊದಲೇ ನನ್ನ ಹತ್ತಿರ ಹೇಳಿಕೊಂಡಿದ್ದಳು. ನಾನು ಅವಳನ್ನು ಕರೆದು ಪುಟ ತೋರಿಸಿದೆ.

"ಗುರುವಾರ ಪಾಠ ಆಗಲಿಲ್ಲ ಮೇಡಂ," ಎಂದಳು.

"ಉಳಿದ ಏಳು ಜನರಿಗೆ ಆಗಿದೆ, ನಿಮಗೊಬ್ಬರಿಗೆ ಆಗಲಿಲ್ವಾ? ನೆಪ ಹೇಳ್ಬೇಡಿ," ಎಂದೆ.

ಅವಳು ಪಕ್ಕದಲ್ಲಿ ನಿಂತಿದ್ದ ಏಳು ಜನರ ಮುಖ ನೋಡಿದಳು. ನಾನು 'ಅಪೂರ್ಣ' ಎಂದು ಬರೆದು ಅಂಕ ಕಡಿದೆ. ಬಾಗಿಲು ದಾಟುವಾಗ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡದ್ದು ಕಂಡಿತ್ತು. ಮಳೆಯ ನೀರಿರಬೇಕು ಎಂದುಕೊಂಡೆ, ಅಷ್ಟು ಒಳ್ಳೆಯ ಮೇಲ್ವಿಚಾರಕಿ ನಾನು.

ಶಾಲೆಯ ಮುದ್ರೆ ಹಾಕಿಸಲು ಪುಸ್ತಕಗಳನ್ನು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟೆ. ಅವರು ಒಂದನ್ನು ಬಿಡಿಸಿದರು, ಕನ್ನಡಕ ಸರಿಮಾಡಿಕೊಂಡರು, ಇನ್ನೊಂದನ್ನು ಬಿಡಿಸಿದರು.

"ಗುರುವಾರ ನಮಗೆ ರಜೆ ಅಲ್ವಾ ಮೇಡಂ? ಗೇಟಿಗೆ ಬೀಗ ಹಾಕಿದ್ದು. ಕೈ ಎತ್ತಿದ ಹುಡುಗ ಯಾರು ಮಾರಾಯ್ರೆ?"

ಅವರು ನಗುತ್ತಲೇ ಕೇಳಿದರು. ನಗು ಅವರ ಸ್ವಭಾವ. ರಜೆಯ ವಿಷಯ ನನಗೂ ಗೊತ್ತಿತ್ತು, ಸಹಿ ಹಾಕುವಾಗ ಅದರ ನೆನಪೇ ಆಗಿರಲಿಲ್ಲ. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನಿಸಿತು.

ಸೋಮವಾರ ಕಾಲೇಜಿನಲ್ಲಿ ಎಂಟೂ ಜನರನ್ನು ಕೂರಿಸಿ ಬಾಗಿಲು ಹಾಕಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೀಗ ಹಾಕಿದ ಶಾಲೆಯಲ್ಲಿ ಪಾಠ ಮಾಡಿದ ಮಹಾನುಭಾವರು ಯಾರು ಎಂದೆ. ಯಾರ ಹೆಸರೂ ಹೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಏಳು ತಲೆಗಳು ಕೆಳಗಾದವು. ಚಾಟ್‌ಬಾಟಿಗೆ ಹೇಳಿ ಬರೆಸಿದ್ದು ಎಂದು ಒಬ್ಬಳು ಒಪ್ಪಿಕೊಂಡಳು. ಆ ಯಂತ್ರಕ್ಕೂ ಅದನ್ನು ಮಾಡಿದವರಿಗೂ ಮಣಿಪಾಲದಲ್ಲಿ ಚಪ್ಪಾಳೆ ತಟ್ಟಿದವರಿಗೂ ನಾನು ಹಿಡಿಶಾಪ ಹಾಕುತ್ತಿರುವಾಗ ಕಾರ್ಕಳದ ಹುಡುಗನೊಬ್ಬ ಎದ್ದು ನಿಂತ. ಎಲ್ಲರಿಗಿಂತ ಮೆತ್ತಗಿನವನು.

"ಮೇಡಂ, ಸಿಟ್ಟು ಮಾಡ್ಬೇಡಿ. ಇಡೀ ವಾರದ ಅನಿಸಿಕೆ ಸೋಮವಾರವೇ ತುಂಬಿಸಿ ಇಡಿ, ಶನಿವಾರ ನನ್ನನ್ನು ಕಾಯಿಸ್ಬೇಡಿ ಅಂತ ನೀವೇ ಹೇಳಿದ್ದು. ಸೋಮವಾರ ಬರೆಯುವಾಗ ಗುರುವಾರ ಮಳೆ ರಜೆ ಉಂಟು ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಹೋದ ವರ್ಷದವರು ಅವರ ಸೀನಿಯರ್ಸ್ ರೆಕಾರ್ಡ್ ನೋಡಿ ಬರೆದದ್ದು. ನಾವು ಇದರಲ್ಲಿ ಬರೆಸಿದ್ದು, ಅಷ್ಟೇ."

ಹೇಳಿದ್ದೆ. ಇಪ್ಪತ್ತೆರಡು ವರ್ಷ ಹೇಳಿದ್ದೆ. ನನ್ನ ಮೇಲ್ವಿಚಾರಕರು ನನಗೆ ಹೇಳಿದ್ದನ್ನೇ ನಾನೂ ಹೇಳಿದ್ದೆ. ಒಂದೇ ಹೊತ್ತಿಗೆ ಎಂಟು ತರಗತಿ ನೋಡಬೇಕು, ಐದೈದು ನಿಮಿಷ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುವುದು, ಉಳಿದದ್ದು ರೆಕಾರ್ಡಿನಲ್ಲಿ. ಪಾಠ ಆಗುವ ಮೊದಲೇ ಪಾಠದ ನಂತರದ ಅನಿಸಿಕೆ! ಈ ಸುಳ್ಳನ್ನು ಕಲಿಸಿದ್ದು ಯಂತ್ರವಲ್ಲ, ನಾನು. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ದನಕ್ಕೆ ಹೊಡೆಯುತ್ತಿದ್ದೆ. ಸಿಟ್ಟು ಇಳಿಯಲಿಲ್ಲ, ನನ್ನ ಕಡೆಗೇ ತಿರುಗಿತು ಅಷ್ಟೇ. ಅಷ್ಟು ಜನರ ಎದುರು ನನ್ನ ಮೇಲೆ ನನಗೆ ಅಸಹ್ಯವಾಯಿತು.

ಅದರ ಮರುದಿನ ಮಾಡಿದ್ದು ಮಾತ್ರ ನಾನು ಮಾಡಿದ ಸರಿಯಾದ ಪಾಠ. ಚಾಟ್‌ಬಾಟನ್ನು ತೆರೆಯಿರಿ ಎಂದೆ. ಅವರು ನಂಬಲಿಲ್ಲ. ಗುರುವಾರದ ಪಾಠಕ್ಕೆ ಅನಿಸಿಕೆ ಬರೆಸಿ, ಬೋರ್ಡಿನ ಮೇಲೆ ಇಳಿಸಿ, ಒಂದೊಂದು ವಾಕ್ಯದ ಕೆಳಗೂ ಗೆರೆ ಎಳೆದು ಕೇಳಿದೆವು: ಇದನ್ನು ಯಾರು ನೋಡಿದ್ದು? ಕುತೂಹಲ ಯಾರ ಕಣ್ಣಿನದು? ಕೈ ಎತ್ತಿದವನು ಯಾವ ಬೆಂಚಿನವನು, ಅವನು ಹಿಂಜರಿದದ್ದು ಯಾಕೆ? ಆಮೇಲೆ ಹೆಜಮಾಡಿಯವಳ ಪುಸ್ತಕದಿಂದ ಬುಧವಾರದ ಪುಟ ಓದಿಸಿದೆ. ಸಾಲು ಸಾಲಿಗೂ ಕಾಟು ಹಾಕಿ ಗೀಚಿದ್ದ ಆ ಪುಟವನ್ನು ನಾನು ಶನಿವಾರ ಓದದೆ ಸಹಿ ಮಾಡಿದ್ದೆ. 'ಮೂರನೇ ಬೆಂಚಿನ ಹುಡುಗಿ ಪಾಠ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಬೆಲ್ಲಾದ ಮೇಲೆ ತುಳುವಿನಲ್ಲಿ ಕೇಳಿದೆ. ಇಡೀ ಪದ್ಯದ ಅರ್ಥ ತುಳುವಿನಲ್ಲಿ ಹೇಳಿದಳು. ಕನ್ನಡದಲ್ಲಿ ಹೇಳಿದರೆ ನಗುತ್ತಾರಂತೆ. ನಾಳೆ ಎಂತ ಮಾಡುವುದೆಂದು ನನಗೆ ಗೊತ್ತಾಗಲಿಲ್ಲ' ಎಂದಿತ್ತು.

ಆ 'ನಾಳೆ'ಯೇ ಮಳೆ ರಜೆಯ ಗುರುವಾರ.

ಹೆಜಮಾಡಿಯವಳ ಅಂಕ ತಿದ್ದಬೇಕಾದರೆ ಲಿಖಿತ ಕಾರಣ ಕೊಡಬೇಕು. ಪ್ರಾಂಶುಪಾಲರ ಹತ್ತಿರ ಹೋದೆ. ಒಳ್ಳೆಯವರೇ, ಗಲಾಟೆ ಬೇಡ ಎನ್ನುವ ಜಾತಿ.

"ಎಂತ ಮೇಡಂ, ಇಷ್ಟಕ್ಕೆಲ್ಲ? ಕೂಡಿಸುವಾಗ ತಪ್ಪಾಯಿತು ಅಂತ ಒಂದು ಸಾಲು ಬರೆಯಿರಿ, ಮುಗಿಯಿತು. ಉಳಿದ ಏಳು ಜನರದ್ದು ಯಾಕೆ ಎಳೆಯುವುದು? ನಿಮ್ಮ ಸಹಿಯೇ ಉಂಟಲ್ಲ ಅದರಲ್ಲಿ!"

ಅದಕ್ಕೇ ಎಳೆಯುವುದು ಎಂದೆ. ಸ್ವರ ಏರಿದ್ದು ಹೊರಗಿನ ಆಫೀಸಿನವರೆಗೂ ಕೇಳಿತಂತೆ. ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಅಲ್ಲೇ ಬರೆದೆ: 'ಶಾಲೆಗೆ ರಜೆ ಇದ್ದ ದಿನ ನಡೆಯದ ಏಳು ಪಾಠಗಳಿಗೆ ನಾನು ಸಹಿ ಹಾಕಿದ್ದೇನೆ. ಪಾಠ ನಡೆದಿಲ್ಲವೆಂದು ಸತ್ಯ ಹೇಳಿದ ಒಬ್ಬರ ಅಂಕ ಕಡಿದಿದ್ದೇನೆ. ಅನಿಸಿಕೆಯನ್ನು ಮೊದಲೇ ತುಂಬಿಸಿಡಲು ಹೇಳಿದವಳು ನಾನೇ.' ಅವರು ಎರಡು ಸಲ ಓದಿ ನಿಟ್ಟುಸಿರು ಬಿಟ್ಟರು. ಏಳು ಜನ ಆ ಪಾಠವನ್ನು ಮತ್ತೆ ಮಾಡಬೇಕೆಂದಾಯಿತು. ನನ್ನ ಕಡತದಲ್ಲಿ ಆ ಕಾಗದ ಉಳಿಯಿತು. ಹೆಜಮಾಡಿಯವಳ ವರ್ಷ ಉಳಿಯಿತು.

ಅವಳ ಹತ್ತಿರ ತಪ್ಪಾಯಿತು ಎಂದು ಹೇಳಿದೆ. "ಪರವಾಗಿಲ್ಲ ಮೇಡಂ" ಎಂದಳು. ಪರವಾಗಿಲ್ಲ ಎನ್ನುವಷ್ಟು ಸಣ್ಣ ನೋವಲ್ಲ ಅದು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮುಂದಿನ ವಾರ ಕಾಪುವಿಗೆ ಹೋದಾಗ ಎಂಟು ತರಗತಿಗಳಿಗೆ ಓಡಾಡಲಿಲ್ಲ. ಅವಳ ಪಾಠಕ್ಕೆ ಹೋಗಿ ಬೆಲ್ಲಾಗುವವರೆಗೂ ಕೂತೆ. ಮೂರನೇ ಬೆಂಚಿನ ಹುಡುಗಿಗೆ ಅವಳು ಮೊದಲು ತುಳುವಿನಲ್ಲಿ ಹೇಳಲು ಬಿಟ್ಟಳು, ಆಮೇಲೆ ಇಡೀ ತರಗತಿ ಸೇರಿ ಅದನ್ನು ಕನ್ನಡಕ್ಕೆ ತಂದಿತು. ಯಾರೂ ನಗಲಿಲ್ಲ.

ಸಂಜೆ ಅವಳು ಪುಸ್ತಕ ತಂದು ಕೊಟ್ಟು ಬಸ್ಸಿಗೆ ಓಡಿದಳು. ಆ ದಿನದ ಅನಿಸಿಕೆಯ ಪುಟದಲ್ಲಿ ಪಾಠದ ವಿಷಯವೆಲ್ಲ ಬರೆದಾದ ಮೇಲೆ, ಕೊನೆಗೆ ಹೀಗಿತ್ತು: 'ಮೇಲ್ವಿಚಾರಕರು ಇವತ್ತು ಪಾಠ ಮುಗಿಯುವವರೆಗೆ ಕೂತಿದ್ದರು. ನಾನು ಬಿ.ಎಡ್. ಸೇರಿದ ಮೇಲೆ ಇದು ಮೊದಲನೆಯ ಸಲ.'

ನಾನು ಸಹಿ ಹಾಕಿದೆ.