ಅಕ್ಕ ಒಪ್ಪಿದ ವಿಷಯಗಳು

ಏನು ಬರೆಯಬೇಕು ಅನ್ನುವುದನ್ನು ನಾನು ಯಾವತ್ತೂ ಒಬ್ಬನೇ ತೀರ್ಮಾನಿಸಿದವನಲ್ಲ. ತುಮಕೂರಿನ ಬಾಡಿಗೆ ಮನೆಯಲ್ಲಿ ಕೂತು ಪತ್ರಿಕೆಗಳ ಪುರವಣಿಗೆ ಬರೆದು ಬದುಕುವ ಫ್ರೀಲ್ಯಾನ್ಸ್ ಬರಹಗಾರ ನಾನು. ಇಂಥದ್ದೇ ಬರಿ ಅನ್ನುವ ಮೇಲಧಿಕಾರಿ ಇಲ್ಲ. ಹಾಗೆ ಅಧಿಕಾರ ಚಲಾಯಿಸುತ್ತಿದ್ದವಳು ಗುಬ್ಬಿಯಲ್ಲಿದ್ದ ನನ್ನ ಅಕ್ಕ ಒಬ್ಬಳೇ.

ಬೆಳಗ್ಗೆ ಭಾವ ತೋಟಕ್ಕೆ ಹೋದ ಮೇಲೆ ಫೋನ್ ಮಾಡುತ್ತಿದ್ದೆ. ಅವಳು ಸ್ಪೀಕರಿಗೆ ಹಾಕಿಕೊಂಡು, ಅವರೆಕಾಯಿ ಬಿಡಿಸುತ್ತಲೋ ಬೆಳ್ಳುಳ್ಳಿ ಸುಲಿಯುತ್ತಲೋ ಕೇಳುತ್ತಿದ್ದಳು. ಕಾಳು ಸ್ಟೀಲ್ ಪಾತ್ರೆಗೆ ಟಣ್ಣನೆ ಬೀಳುವುದು ನನಗೂ ಕೇಳಿಸುತ್ತಿತ್ತು. ವಿಷಯ ಸಪ್ಪೆಯಾದರೆ ಆ ಸದ್ದು ನಿಲ್ಲುತ್ತಲೇ ಇರಲಿಲ್ಲ. ಹಿಡಿಸಿತೋ, ಗಕ್ಕನೆ ಕೈ ನಿಲ್ಲಿಸಿ, "ಆಮೇಲೆ?" ಅನ್ನುತ್ತಿದ್ದಳು. ಆ ಮಾತು ಬಂದರೆ ಸಂಪಾದಕರಿಗೆ ಫೋನ್, ಬರದಿದ್ದರೆ ವಿಷಯ ತಿಪ್ಪೆಗೆ.

ಒಮ್ಮೆ ಊರಿನ ರಸ್ತೆ ಅಗೆತದ ಮೇಲೆ ಉರಿದುಕೊಂಡು ದೊಡ್ಡ ಭಾಷಣ ಬಿಗಿದೆ. ಕಾಳು ಬೀಳುತ್ತಲೇ ಇತ್ತು. "ಗುಂಡಿಗ್ ಬಿದ್ದೋರ್ಗೆ ಗುಂಡಿ ಐತೆ ಅಂತ ನೀನ್ ಬರ್ದು ಹೇಳ್ಬೇಕೇನ್ಲಾ? ಬುಡು," ಅಂದಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟಿದ್ದೆ.

ಹಿರೇಹಳ್ಳಿಯ ಗಂಡ ಹೆಂಡತಿಯ ವಿಷಯ ಮಾತ್ರ ಬಾಯಿ ತೆರೆದ ಕೂಡಲೇ ಪಾಸಾಯಿತು. ಒಂದೇ ಕಾರ್ಖಾನೆ. ಅವನದು ರಾತ್ರಿ ಪಾಳಿ, ಅವಳದು ಹಗಲು ಪಾಳಿ. ಗೇಟಿನ ಹತ್ತಿರ ಮನೆ ಬೀಗದ ಕೈ ಕೊಡುವಾಗಷ್ಟೇ ಭೇಟಿ. ಅಕ್ಕನ ಕೈ ನಿಂತಿತು. "ಆಮೇಲೆ? ಕೊಡೋವಾಗ ಏನ್ ಮಾತಾಡ್ತಾರೆ?" ಅಂದಳು. ನಾನು ಕೇಳಿರಲಿಲ್ಲ. "ಹೋಗಿ ಕೇಳ್ಕಂಡ್ ಬಾರ್ಲಾ!" ಮತ್ತೆ ಬಸ್ ಹತ್ತಿ ಹೋದೆ. "ಏನ್ ಮಾತು ಸಾರ್, ತಿಂದ್ಯಾ ಅಂತೀನಿ," ಅಂದ ಅವನು. ನನ್ನ ಲೇಖನ ಆ "ತಿಂದ್ಯಾ"ದಿಂದಲೇ ಶುರುವಾಯಿತು. ಓದಿದವರೆಲ್ಲ ನನ್ನನ್ನು ಹೊಗಳಿದರು, ನಾನೂ ನಾಚಿಕೆಯಿಲ್ಲದೆ ಹೊಗಳಿಸಿಕೊಂಡೆ.

ಹೋದ ವರ್ಷ, ಅವರೆಕಾಯಿ ಆಗಷ್ಟೇ ಸಂತೆಗೆ ಬರತೊಡಗಿದಾಗ, ಭಾವ ಫೋನ್ ಮಾಡಿ, "ನಿಮ್ಮಕ್ಕ ಹೋಗ್ಬುಟ್ಲು ಕಣೋ," ಅಂದರು.

ಮಣ್ಣು ಮಾಡಿ ತುಮಕೂರಿಗೆ ಬಂದೆ. ಸಂಪಾದಕರು ಒಳ್ಳೆಯವರೇ. ಸಮಾಧಾನ ಹೇಳಿ, ಕೊನೆಗೆ, "ಅಕ್ಕನ ಬಗ್ಗೆಯೇ ಬರೆದುಬಿಡಿ, ಚೆನ್ನಾಗಿ ಬರುತ್ತೆ," ಅಂದರು. ಮೈಯೆಲ್ಲ ಉರಿಯಿತು. ಚೆನ್ನಾಗಿ ಬರುತ್ತದಂತೆ! ಆದರೂ ಸಂಜೆ ಬರೆಯಲು ಕೂತೆ. ಒಂದು ಸಾಲು ಬರೆಯುವುದು, ಹೊಡೆದುಹಾಕುವುದು. ಇದು ವಿಷಯವೋ ಅಲ್ಲವೋ ಅಂತ ಹೇಳಬೇಕಾದವಳೇ ಇಲ್ಲವಲ್ಲ. ಕೈ ತನ್ನ ಪಾಡಿಗೆ ತಾನು ಅವಳ ನಂಬರ್ ಒತ್ತಿತ್ತು. ಭಾವ ಎತ್ತಿ, "ಏನೋ?" ಅಂದರು. "ಏನಿಲ್ಲ ಭಾವ, ಊಟ ಆಯ್ತಾ?" ಅಂದೆ. "ಆಯ್ತು," ಅಂದರು. ಫೋನ್ ಇಟ್ಟೆ.

ತಿಥಿಗೆ ಮತ್ತೆ ಗುಬ್ಬಿಗೆ ಹೋದೆ. ಕುಣಿಗಲ್ಲಿನಿಂದ ಸೋದರತ್ತೆ ಬಂದರು. ಕಾಲುನೋವೆಂದು ಅವರು ಮಣ್ಣಿಗೆ ಬಂದಿರಲಿಲ್ಲ. ಸುಮ್ಮನೆ ಕೂರಲಾಗದೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ, "ಹೆಂಗಾಯ್ತು ಮಗಾ?" ಅಂತ ಕೇಳಿದರು. ಬಂದವರಿಗೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಹೇಳತೊಡಗಿದೆ. ಬೆಳಗ್ಗೆ ಮುದ್ದೆಗೆ ಎಸರಿಟ್ಟಳಂತೆ. ಎದೆ ಉರೀತೈತೆ ಅಂದಳಂತೆ. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿದು, ಗೋಡೆಗೆ ಒರಗಿ ಕೂತಳಂತೆ.

ಅತ್ತೆಯ ಕೈ ನಿಂತಿತು.

"ಆಮೇಲೆ?" ಅಂದರು.

ಅದೇ ಅಡುಗೆಮನೆ, ಅಕ್ಕ ಕೂರುತ್ತಿದ್ದ ಅದೇ ಜಾಗ. "ಆಮೇಲೆ ಏನೂ ಇಲ್ಲ ಅತ್ತೆ," ಅಂದವನು ಬೆಳ್ಳುಳ್ಳಿ ಸಿಪ್ಪೆ ತುಂಬಿದ ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.