ಗ್ರಿಲ್ಲಿಗೆ ಕಟ್ಟಿದ್ದ ಹಗ್ಗ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹಿಂದಿನ ಜಾಗ ಎಂದರೆ ನನ್ನ ಅಡುಗೆಮನೆಯ ಕಿಟಕಿಯಿಂದ ನೀರಿನ ಪಂಪ್ ರೂಮಿನವರೆಗಿನ ಮಣ್ಣಿನ ಅಂಗಳ, ಅಷ್ಟೇ. ನಮ್ಮದು ಗ್ರೌಂಡ್ ಫ್ಲೋರ್. ಸಂಜೆ ಐದಕ್ಕೆ, ಗಂಡಸರು ಲೋಕಲ್ ಟ್ರೈನಿನಲ್ಲಿ ಮನೆಗೆ ಬರುವ ಮೊದಲು, ನಾವು ಏಳೆಂಟು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲಿ ತ್ರೋಬಾಲ್ ಆಡುತ್ತಿದ್ದೆವು. ನೆಟ್ ಇರಲಿಲ್ಲ. ಹಗ್ಗದ ಒಂದು ತುದಿ ನನ್ನ ಕಿಟಕಿಯ ಗ್ರಿಲ್ಲಿಗೆ, ಇನ್ನೊಂದು ಪಂಪ್ ರೂಮಿನ ಪೈಪಿಗೆ. ಹಗ್ಗ ಕಣ್ಣಿಗೆ ಬೀಳಲೆಂದು ಮೇಲೆ ಒಂದು ಹಳೆಯ ದುಪಟ್ಟಾ. ಒಲೆಯ ಮೇಲೆ ಬೇಳೆ ಇಟ್ಟು ಬಂದಿರುತ್ತಿದ್ದೆನಲ್ಲ, ಕುಕ್ಕರ್ ಕೂಗಿದರೆ ಆಟ ನಿಲ್ಲಬೇಕು, ನಾನು ಒಳಗೆ ಓಡಬೇಕು. ನಮ್ಮ ಆಟದ ರೆಫ್ರಿ ನಿಮ್ಮ ಕುಕ್ಕರೇ ಎಂದು ಎಲ್ಲರೂ ನಗುತ್ತಿದ್ದರು.

ಈ ಆಟ ಶುರು ಮಾಡಿದವರು ನಾನು ಮತ್ತು ಎರಡನೇ ಮಾಳಿಗೆಯ ಗೆಳತಿ. ಅವಳು ಉಡುಪಿ ಕಡೆಯವಳು, ನಾನು ಕುಂದಾಪುರದ ಕಡೆಯವಳು. ಅವಳು ಚೆಂಡು ಹಿಡಿದ ರೀತಿ ನೋಡಿಯೇ ಶಾಲೆಯ ಟೀಮಿನಲ್ಲಿ ಇದ್ದವಳೆಂದು ನನಗೆ ಗೊತ್ತಾಗಿತ್ತು. ನಮ್ಮಿಬ್ಬರ ನಡುವೆ ಸ್ಟೀಲ್ ಡಬ್ಬಿಗಳು ಮೇಲೆ ಕೆಳಗೆ ಓಡಾಡುತ್ತಲೇ ಇದ್ದವು. ಯಾವ ಡಬ್ಬಿಯೂ ಖಾಲಿ ಹೋದದ್ದಿಲ್ಲ. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯಾದರೂ ಹಾಕುತ್ತಿದ್ದೆವು.

ಅಲ್ಲೇ ಹತ್ತಿರದ ಠಾಣೆ ಪಟ್ಟಣದ ದೊಡ್ಡ ಟವರುಗಳಲ್ಲಿ ಆಟಕ್ಕೆಂದು ಟರ್ಫ್, ಅಂದರೆ ಹಸಿರು ಪ್ಲಾಸ್ಟಿಕ್ ಹುಲ್ಲು, ಹಾಕಿಸುವುದು ಶುರುವಾಗಿದ್ದ ವರ್ಷಗಳವು. ಒಂದು ದಿನ ಅವಳು ಕೆಸುವಿನೆಲೆಯ ಪತ್ರೊಡೆ ತುಂಬಿದ ಡಬ್ಬಿ ಹಿಡಿದು ಬಂದಳು. ಅವಳ ಗಂಡ ಸೊಸೈಟಿಯ ಸೆಕ್ರೆಟರಿ.

"ಅಕ್ಕಾ, ಹಿಂದೆ ಟರ್ಫ್ ಹಾಕಿಸುವ ಅಂತಾರೆ ಇವರು. ಸುತ್ತ ಬಲೆ ಬರ್ತದೆ. ಅದರ ಕಂಬ ನಿಮ್ಮ ಕಿಟಕಿಗೆ ತಾಗಿಕೊಂಡೇ ನಿಲ್ತದೆ. ನೀವು ಒಪ್ಪಿದ್ರೆ ಮಾತ್ರ ಆಗುವ ಕೆಲಸ."

"ಗಾಳಿ ಬರ್ತದಾ ಮತ್ತೆ?"

"ಬಲೆ ಮಾರಾಯ್ರೆ, ಗೋಡೆ ಅಲ್ಲ! ಐದರಿಂದ ಆರು ನಮ್ಮ ಆಟಕ್ಕೆ. ನಡುವೆ ಸರಿಯಾದ ಕಂಬ, ಸರಿಯಾದ ನೆಟ್. ನಿಮ್ಮ ದುಪಟ್ಟಾಕ್ಕೆ ರಿಟೈರ್‌ಮೆಂಟ್!"

ರಾತ್ರಿ ಹೋಟೆಲಿನ ಕೌಂಟರ್ ಮುಗಿಸಿ ಬಂದ ನಮ್ಮವರು ಪತ್ರೊಡೆ ತಿನ್ನುತ್ತಾ, "ಕಿಟಕಿ ನಮ್ಮದು. ಸ್ವಲ್ಪ ಯೋಚನೆ ಮಾಡು" ಎಂದರು. ಅವಳು ಹೇಳಿದ ಮೇಲೆ ಯೋಚನೆ ಎಂಥದ್ದು ಎಂದೆ. ಕಿಟಕಿಯ ಕೆಳಗಿನ ಕೆಸು, ಕನಕಾಂಬರ ಎಲ್ಲವನ್ನೂ ನಾನೇ ಕೈಯಾರೆ ಕಿತ್ತು ಜಾಗ ಮಾಡಿಕೊಟ್ಟೆ.

ಕೆಲಸವಿಡೀ ನನ್ನ ಒಲೆಯ ಮುಂದೆಯೇ ನಡೆಯಿತು. ಮಣ್ಣು ತೋಡಿದರು, ಜಲ್ಲಿ ಹರಡಿದರು, ಅದರ ಮೇಲೆ ಕಲ್ಲಿನ ಪುಡಿ ಸುರಿದು ನೀರು ಹಾಕಿ ಗಟ್ಟಿ ಮಾಡಿದರು. ಬಲೆಯ ಕಂಬಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿದರು. ಕೆಲಸದವರಿಗೆ ಚಹಾ ಕೊಡುತ್ತಾ ನಾನು ನಡುವಿನ ಎರಡು ಗುಂಡಿಗಳಿಗಾಗಿ ಕಾದೆ. ನೆಟ್ಟಿನ ಕಂಬ ನಿಲ್ಲಬೇಕಾದದ್ದು ಅಲ್ಲಿ. ಗುಂಡಿ ತೋಡುವ ಮೊದಲೇ ಟರ್ಫಿನ ಸುರುಳಿಗಳು ಬಂದವು. ಚಾಪೆಯಂತೆ ಬಿಚ್ಚಿದರು. ಮನೆಯೊಳಗೆಲ್ಲ ಹೊಸ ರಬ್ಬರ್ ಚಪ್ಪಲಿಯ ವಾಸನೆ.

"ಬೀಚ್ ಮೇ ನೆಟ್ ಕಾ ಖಂಬಾ?" ನಡುವೆ ನೆಟ್ಟಿನ ಕಂಬ ಇಲ್ಲವಾ ಎಂದು ಕಿಟಕಿಯಿಂದಲೇ ಕೇಳಿದೆ.

"ನಹೀ ಆಂಟಿ, ಯೇ ತೋ ಫುಟ್‌ಬಾಲ್ ಕಾ ಹೈ," ಇದು ಫುಟ್‌ಬಾಲಿನದ್ದು ಎಂದ ಕೆಲಸದವನು, ಗೋಲಿನ ಮುಂದೆ ಬಿಳಿ ಪಟ್ಟಿ ಅಂಟಿಸುತ್ತಾ.

ಕೈ ಒರೆಸಿಕೊಂಡು ಮೇಲೆ ಹೋದೆ. ಅವಳು ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದಳು.

"ನಡುವೆ ಕಂಬವೇ ಇಲ್ವಲ್ಲೇ?"

"ಕೋಚಿಂಗಿನವರು ಬೇಡ ಅಂದ್ರಂತೆ. ಮಕ್ಕಳು ಎಡವಿ ಬೀಳ್ತಾವೆ ಅಂತ."

"ಯಾವ ಕೋಚಿಂಗ್?"

"ಐದರಿಂದ ಏಳು. ಮಕ್ಕಳಿಗೆ ಫುಟ್‌ಬಾಲ್."

"ಐದರಿಂದ ಆರು ನಮ್ಮದು ಅಂದಿದ್ದಿ."

"ನಮ್ಮದು ಇನ್ನೆಷ್ಟು ವರ್ಷ ಅಕ್ಕಾ ಆಟ? ನನ್ನ ಮೊಣಕಾಲು ನೋಡಿ ಹೇಗಾಗಿದೆ."

"ಮೊಣಕಾಲು ಇರಲಿ. ನಿನಗೆ ಯಾವಾಗ ಗೊತ್ತಾಯ್ತು?"

ಅವಳು ತಲೆ ಎತ್ತಲಿಲ್ಲ. ಒಂದು ದಂಟು ಮುರಿದಳು, ಇನ್ನೊಂದು ಮುರಿದಳು. "ಮೊದಲೇ ಗೊತ್ತಿತ್ತು. ಆಗಲೇ ಹೇಳಿದ್ರೆ ನೀವು ಹೂಂ ಅಂತಿದ್ರಾ?"

ಇಳಿದು ಬಂದೆ. ಮಕ್ಕಳಿಗೆ ಜಾಗ ಬೇಕು ಎಂದು ನೇರವಾಗಿ ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ನಾನು ಕೊಡುವವಳೋ ಅಲ್ಲವೋ ಎಂದು ತಿಳಿಯುವಷ್ಟು ಕಾಲ ಜೊತೆಗೆ ಆಡಿದವಳು ಅವಳು. ಆದರೂ ಕೇಳಲಿಲ್ಲ. ನನ್ನ ಆಸೆ ಯಾವುದೆಂದು ಅವಳಿಗೊಬ್ಬಳಿಗೇ ಚೆನ್ನಾಗಿ ಗೊತ್ತಿತ್ತು, ನನ್ನನ್ನು ಒಪ್ಪಿಸಲು ಅದನ್ನೇ ಮುಂದಿಟ್ಟಳು.

ಪತ್ರೊಡೆಯ ಡಬ್ಬಿ ತೊಳೆದು ಕಪಾಟಿನಲ್ಲಿ ಇಟ್ಟಿದ್ದೆ. ರವೆ ಉಂಡೆ ಹಾಕಿ ಕಳಿಸಬೇಕೆಂದುಕೊಂಡಿದ್ದೆ, ಕೆಲಸದವರ ಗಡಿಬಿಡಿಯಲ್ಲಿ ಆಗಿರಲಿಲ್ಲ. ಈಗ ತುಂಬಿ ಕೊಡಲು ಮನಸ್ಸು ಬರಲಿಲ್ಲ, ಖಾಲಿ ಕೊಡಲು ಕೈ ಬರಲಿಲ್ಲ.

ಟರ್ಫ್ ಶುರುವಾದ ಸಂಜೆ, ನಾವೆಲ್ಲ ವಹಿನಿ (ಅತ್ತಿಗೆ) ಎಂದು ಕರೆಯುವ ಮೂರನೇ ಮಾಳಿಗೆಯ ಮರಾಠಿ ಹೆಂಗಸು ಹಿಂದಿನಂತೆಯೇ ಚೆಂಡು ಹಿಡಿದು ಇಳಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಆ ಹಸಿರಿನ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತಾ ನನ್ನ ಕಿಟಕಿಯವರೆಗೆ ಬಂದಳು. ನಮ್ಮಿಬ್ಬರ ನಡುವೆ ನೈಲಾನ್ ಬಲೆ.

"ಅಗ, ದೋರಿ ಕುಠೇ ಬಾಂಧಾಯಚಿ?" ಹಗ್ಗ ಎಲ್ಲಿ ಕಟ್ಟುವುದೆಂದು ಕೇಳಿದಳು.

ನಾನು ಗ್ರಿಲ್ಲನ್ನೊಮ್ಮೆ ನೋಡಿದೆ. ಹಗ್ಗ ಉಜ್ಜಿ ಉಜ್ಜಿ ಒಂದು ಸರಳಿನ ಬಣ್ಣ ಹೋಗಿತ್ತು. ಉತ್ತರ ಹೇಳುವಷ್ಟರಲ್ಲಿ ಕೋಚ್ ಅವಳನ್ನು ಹೊರಗೆ ಕರೆದರು. ಮಕ್ಕಳು ಗದ್ದಲ ಮಾಡುತ್ತಾ ಒಳಗೆ ನುಗ್ಗಿದರು. ನನ್ನ ಕುಕ್ಕರ್ ಕೂಗಿತು. ಆಟ ನಡೆಯುತ್ತಲೇ ಇತ್ತು.

ಕೆಲವು ದಿನ ಕಳೆದು ಗೆಳತಿ ಮೆಟ್ಟಿಲಲ್ಲಿ ಸಿಕ್ಕಳು. "ಅಕ್ಕಾ, ನನ್ನದೊಂದು ಡಬ್ಬಿ ನಿಮ್ಮಲ್ಲಿ ಉಂಟಲ್ಲ?" ಎಂದಳು, ಹಿಂದಿನ ಹಾಗೆಯೇ ನಗುತ್ತಾ.

"ಉಂಟು," ಎಂದೆ.

ಒಳಗೆ ಹೋಗಿ ತರಲಿಲ್ಲ. ಮತ್ತೆ ಕೇಳದೆ ಅವಳೂ ಮೇಲೆ ಹತ್ತಿದಳು.