ಆಯುಧಪೂಜೆಯ ದಿನ ತಿರುಗಿದ ಅಂಕಿ

ದೆವ್ವ, ಪವಾಡ, ಶಕುನ ಇವುಗಳನ್ನು ನಂಬಿದವಳಲ್ಲ ನಾನು. ಯಾರಾದರೂ ಇಂಥ ಕಥೆ ಹೇಳಿದರೆ ಅವರೆದುರೇ ನಕ್ಕುಬಿಡುತ್ತಿದ್ದೆ. ಈಗ ನೀವು ನಗುವುದಾದರೆ ನಗಿ; ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಚೆನ್ನೈಯ ಪುರಸೈವಾಕ್ಕಂನ ನಮ್ಮ ಮನೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಭೌತಶಾಸ್ತ್ರದಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ನನ್ನ ಹುಚ್ಚು ನ್ಯೂಟ್ರಿನೋ. ಸೂರ್ಯನಿಂದ ಹೊರಟು ನಿಮ್ಮನ್ನೂ ನನ್ನನ್ನೂ ಇಡೀ ಭೂಮಿಯನ್ನೂ ತೂರಿಕೊಂಡು, ಯಾರಿಗೂ ಸುಳಿವು ಕೊಡದೆ ಹೋಗಿಬಿಡುವ ಕಣ ಅದು. ಹಿಡಿಯಲು ಬೆಟ್ಟದಡಿ ಬೃಹತ್ ಯಂತ್ರವೇ ಬೇಕು. ನಮ್ಮ ಲ್ಯಾಬಿನಲ್ಲಿದ್ದದ್ದು ಆಕಾಶದಿಂದ ಬೀಳುವ ಬೇರೆ, ಸುಲಭವಾಗಿ ಸಿಗುವ ಕಣಗಳನ್ನು ಎಣಿಸುವ ಹಳೆಯ ಪೆಟ್ಟಿಗೆ. ಕಣ ಸಿಕ್ಕಾಗಲೆಲ್ಲ ಟಿಕ್ ಎಂದು ಅದರ ಅಂಕಿಯ ಚಕ್ರ ಒಂದು ಹೆಜ್ಜೆ ತಿರುಗುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಲ್ಯಾಬಿನ ಅಟೆಂಡರ್ ಆಗಿದ್ದ ರಾಯಪುರಂನ ತಮಿಳು ಹಿರಿಯರೊಬ್ಬರು ಎಲ್ಲ ಯಂತ್ರಗಳ ಪ್ಲಗ್ ಕಿತ್ತು ಕುಂಕುಮ ಇಟ್ಟರು. ಅವತ್ತು ಯಂತ್ರಕ್ಕೂ ರಜೆ. ನಿಂತ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದೆ: 4318. ಮಂಗಳಾರತಿ ಮುಗಿದು ಪ್ರಸಾದದ ಕಡಲೆ ಸುಂಡಲ್ ತಿನ್ನುತ್ತಿದ್ದಾಗ ಪೆಟ್ಟಿಗೆ ಟಿಕ್ ಎಂದಿತು. 4319. ವೈರು ನೆಲದ ಮೇಲೆ ಬಿದ್ದಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಸರಸ್ವತಿಯೇ ವಂದುಟ್ಟಾಂಗಮ್ಮಾ," ಎಂದು ಅಟೆಂಡರ್ ಕೈಮುಗಿದರು. ಸರಸ್ವತಿಯೇ ಬಂದುಬಿಟ್ಟಳಂತೆ.

ಆ ಅಂಕಿಯನ್ನೂ ಸಮಯ ಹಾಕಿ ಬರೆದೆ. ನ್ಯೂಟ್ರಿನೋನೇ ಸಿಕ್ಕಿತು ಎಂದು ಸಹಪಾಠಿಗಳು ರೇಗಿಸಿದರು. ನ್ಯೂಟ್ರಿನೋ ಬಂದು ಬಡಿದರೂ ಕರೆಂಟಿಲ್ಲದೆ ಚಕ್ರ ತಿರುಗುವುದು ಹೇಗೆ?

ಮೈಸೂರು ಕಡೆಯ ನನ್ನ ಗೈಡ್ ಮಾತ್ರ ನಗಲಿಲ್ಲ. "ಆ ಲೈನ್ ಹೊಡೆದು ಹಾಕಮ್ಮ. ಬಸ್ ಹೋದಾಗ ಅಲುಗಾಡಿರತ್ತೆ. ಎಕ್ಸಾಮಿನರ್ ನೋಡಿದ್ರೆ ಥೀಸಿಸ್ಸೇ ಹೋಯ್ತು. ನಾನಂತೂ ಸೈನ್ ಮಾಡಲ್ಲ."

"ಕಂಡಿದ್ದನ್ನ ಕಂಡಿಲ್ಲ ಅನ್ನೋದು ನೀವು ಕಲಿಸಿಲ್ವಲ್ಲ ಸಾರ್," ಎಂದೆ.

ಒಂದು ವಾರ ಪ್ಲಗ್ ಕಿತ್ತ ಆ ಪೆಟ್ಟಿಗೆಯನ್ನು ಅಲುಗಾಡಿಸಿದೆ, ಗುದ್ದಿದೆ. ಜಪ್ಪಯ್ಯ ಎಂದರೂ ಅಂಕಿ ಕದಲಲಿಲ್ಲ. ಗೈಡೂ ಕದಲಲಿಲ್ಲ. ಅವರ ಸಹಿಯಿಲ್ಲದೆ ನನಗೆ ಒಂದು ವರ್ಷ ಹೋಯಿತು, ಖಾತ್ರಿಯಾಗಿದ್ದ ಲೆಕ್ಚರರ್ ಕೆಲಸವೂ ಹೋಯಿತು. ರೈಲ್ವೆಯಲ್ಲಿದ್ದ ಅಪ್ಪ, "ಒಂದು ಗೀಟು ಎಳೆಯೋಕೆ ಇಷ್ಟು ಹಟಾನಾ?" ಎಂದು ಕೂಗಾಡಿದರು. ನಾನು ಅತ್ತದ್ದು ನಿಜ. ಗೀಟು ಮಾತ್ರ ಎಳೆಯಲಿಲ್ಲ.

ಸರಸ್ವತಿಯೋ, ಬಸ್ಸೋ, ಇನ್ನೇನೋ, ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇಲ್ಲ. ಆದರೆ ಅದು ಆಗಲೇ ಇಲ್ಲ ಎಂದು ನನ್ನ ಕೈಯಿಂದ ಬರೆಸುವುದು ಯಾರಪ್ಪನಿಂದಲೂ ಆಗದು.